ಯಕ್ಷಗಾನದ ಮಾತುಗಾರಿಕೆ

ಯಕ್ಷಗಾನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬಣ್ಣ, ಕಿರೀಟ, ಕುಣಿತ. ಕಿವಿಯಲ್ಲಿ ಮೊಳಗುವುದು ಚೆಂಡೆಯ ನಾದ. ಕರಾವಳಿಯ ಹೊರಗಿನ ಪಟ್ಟಣಿಗರಿಗೆ ಈ ಕಲೆಯ ಪರಿಚಯ ಬಹುಮಟ್ಟಿಗೆ ಇಷ್ಟಕ್ಕೇ ನಿಂತಿದೆ. ಆದರೆ ಕಣ್ಣಿಗೆ ಕಾಣದ ಇನ್ನೊಂದು ಅಂಗ ಅದಕ್ಕುಂಟು. ಅದೇ ಮಾತು. ಕರಾವಳಿಯ ಜನ ಅದನ್ನು ‘ಅರ್ಥ’ ಎಂದು ಕರೆಯುತ್ತಾರೆ. ಈ ಹೊತ್ತು ಆ ಅರ್ಥವನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಯಕ್ಷಗಾನದ ಪ್ರಸಂಗವೆಂಬುದು ಪದ್ಯಗಳ ಗ್ರಂಥ. ಅದರಲ್ಲಿ ನಾಟಕದಂತೆ ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ. ವೇಷಧಾರಿ ಅದಕ್ಕೆ ಕುಣಿಯುತ್ತಾನೆ. ಬಳಿಕ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ, ನಿಂತ ನಿಲುವಿನಲ್ಲಿ ಕಟ್ಟಿ ಹೇಳುತ್ತಾನೆ. ‘ವಾಲಿವಧೆ’ಯಲ್ಲಿ ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಸಂದರ್ಭವನ್ನು ನೋಡಿ. ಪದ್ಯ ಕೆಲವೇ ಸಾಲುಗಳದು. ಮರೆಯಲ್ಲಿ ನಿಂತು ಕೊಂದದ್ದು ಯಾವ ಧರ್ಮ ಎಂಬ ಒಂದು ಪ್ರಶ್ನೆಯನ್ನು ಬಲ್ಲ ಅರ್ಥಧಾರಿ ಅರ್ಧ ಗಂಟೆ ಬೆಳೆಸಬಲ್ಲ. ಎದುರಿನ ರಾಮನಿಗೆ ಆ ಮಾತು ಮೊದಲೇ ತಿಳಿದಿರುವುದಿಲ್ಲ. ಅಲ್ಲೇ ಯೋಚಿಸಿ ಉತ್ತರಿಸಬೇಕು. ಕಥೆಯ ತೀರ್ಮಾನ ಆಗಿಹೋಗಿದೆ, ವಾಲಿ ಸಾಯಲೇಬೇಕು. ವಾದದ ತೀರ್ಮಾನ ಮಾತ್ರ ಪ್ರತಿ ರಾತ್ರಿಯೂ ಹೊಸದಾಗಿ ಆಗಬೇಕು. ಇಪ್ಪತ್ತೈದರ ವಾಲಿ ಅರುವತ್ತರ ರಾಮನನ್ನು ಸಭೆಯ ನಡುವೆ ನಿಲ್ಲಿಸಿ ಕೇಳಬಹುದಾದ ಸ್ವಾತಂತ್ರ್ಯವನ್ನು ಈ ಕಲೆ ಕೊಟ್ಟಿದೆ. ಮನೆಯ ಜಗಲಿಯಲ್ಲಿ ಕಿರಿಯನಿಗೆ ದೊರೆಯದ ಸಲಿಗೆ ಅದು.

ಪ್ರಾದೇಶಿಕತೆಯ ಮಾತಿಗೆ ಬರೋಣ. ಕುಣಿತ ಮತ್ತು ವೇಷಗಳಲ್ಲಿ ಯಕ್ಷಗಾನಕ್ಕೆ ತೆಂಕುತಿಟ್ಟು, ಬಡಗುತಿಟ್ಟು ಎಂಬ ಭೇದಗಳಿವೆ. ಉತ್ತರ ಕನ್ನಡದ ಸಂಪ್ರದಾಯವನ್ನು ಬಡಾಬಡಗು ಎಂದು ಬೇರೆ ಗುರುತಿಸುವುದುಂಟು. ತೆಂಕಿನ ಧೀಂಗಿಣವನ್ನೂ ಬಡಗಿನ ಮುಂಡಾಸನ್ನೂ ಮಂಡಿ ಕುಣಿತವನ್ನೂ ಕಂಡೊಡನೆ ಬಲ್ಲವರು ಇದು ಯಾವ ಸೀಮೆಯದೆಂದು ಹೇಳಿಬಿಡುತ್ತಾರೆ. ಆದರೆ ಮಾತು ಈ ಗಡಿಗಳನ್ನು ದಾಟಿದೆ. ವೇಷಧಾರಿಯ ಮನೆಮಾತು ತುಳುವಿರಬಹುದು, ಕೊಂಕಣಿಯಿರಬಹುದು, ಹವ್ಯಕ ಕನ್ನಡವೋ ಕುಂದಾಪುರದ ಕನ್ನಡವೋ ಇರಬಹುದು. ರಂಗಕ್ಕೆ ಬಂದನೆಂದರೆ ಅವನು ಆಡುವುದು ಇವರಾರ ಮನೆಯಲ್ಲೂ ಇಲ್ಲದ ಒಂದು ಗ್ರಾಂಥಿಕ ಕನ್ನಡವನ್ನು. ಅದರಲ್ಲಿ ಒಂದು ಇಂಗ್ಲಿಷ್ ಪದ ನುಸುಳಿದರೂ ಸಭೆ ನಗುತ್ತದೆ. ಊರಮಾತನ್ನಾಡುವ ಸಲಿಗೆ ಹಾಸ್ಯಗಾರನೊಬ್ಬನಿಗೆ ಮಾತ್ರ. ಕಾಲೇಜಿನಲ್ಲಿ ಕುಮಾರವ್ಯಾಸನನ್ನು ಪಾಠ ಹೇಳುವಾಗ ನಾನು ಗಮನಿಸಿದ್ದುಂಟು: ಮನೆಯಲ್ಲಿ ತುಳು ಆಡಿದರೂ ಆಟ ನೋಡಿ ಬೆಳೆದ ಹುಡುಗರಿಗೆ ಭಾಮಿನಿ ಷಟ್ಪದಿ ಪರಕೀಯವೆನಿಸುತ್ತಿರಲಿಲ್ಲ. ಪಾರ್ತಿಸುಬ್ಬನ ಕುಂಬಳೆ ಇರುವ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರಿಗೆ ಆಟವೂ ತಾಳಮದ್ದಳೆಯೂ ಇಂದಿಗೂ ಬರಿಯ ಮನೋರಂಜನೆಯಲ್ಲ. ತಾವು ಯಾರೆಂಬುದನ್ನು ತಾವೇ ಕೇಳಿಸಿಕೊಳ್ಳುವ ಬಗೆ.

ತುಳು ಪ್ರಸಂಗಗಳು ಬಂದಾಗ ಇದೇ ಪ್ರಶ್ನೆ ಮಗ್ಗುಲು ಬದಲಿಸಿತು. ಕೋಟಿ–ಚೆನ್ನಯರ ಕಥೆ ರಂಗವೇರಿ ತುಳುವಿನಲ್ಲೇ ಮಾತನಾಡಿದಾಗ, ಪೌರಾಣಿಕ ಗಾಂಭೀರ್ಯ ಹೋಯಿತೆಂದು ಕೊರಗಿದವರಿದ್ದರು. ನಮ್ಮ ಮಾತು ನಮ್ಮ ರಂಗಕ್ಕೆ ಬಂತೆಂದು ಹಿಗ್ಗಿದವರೂ ಇದ್ದರು. ನನ್ನ ಮಟ್ಟಿಗೆ ಇವೆರಡೂ ಒಂದೇ ಹಂಬಲದ ಎರಡು ಮುಖಗಳು. ಎರಡು ಪಕ್ಷಕ್ಕೂ ಮಾತೇ ಮುಖ್ಯವಾಗಿತ್ತು.

ಇಂದಿನ ತಲೆಮಾರುಗಳ ನಡುವಿನ ಬಿರುಕು ಬೇರೆ ಬಗೆಯದು. ಹಿಂದೆ ಹುಡುಗ ಮೇಳ ಸೇರಿದರೆ ಕೋಡಂಗಿಯಾಗಿ, ಬಾಲಗೋಪಾಲನಾಗಿ ಪೂರ್ವರಂಗದಲ್ಲಿ ಕುಣಿದು, ಉಳಿದ ರಾತ್ರಿಯೆಲ್ಲ ಹಿರಿಯರ ಅರ್ಥವನ್ನು ಕೇಳುತ್ತಿದ್ದ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಆಡುವ ಮಾತೇ ಎಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾದವನ್ನು ಕೇಳಿ ಕೇಳಿಯೇ ಒಂದು ತಲೆಮಾರು ಮಾತು ಕಲಿತಿತು. ಈಗ ಅನೇಕ ಮೇಳಗಳು ಇಡೀ ರಾತ್ರಿಯ ಆಟವನ್ನು ಬಿಟ್ಟು ಕಾಲಮಿತಿಗೆ ಬಂದಿವೆ. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ನಿಯಮಗಳೂ ಉಂಟು, ಬೆಳಗಾದರೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರ ಅನಿವಾರ್ಯವೂ ಉಂಟು. ಇದಕ್ಕೆ ಯಾರನ್ನೂ ದೂರಿ ಫಲವಿಲ್ಲ. ಆದರೆ ಸಮಯ ಮೊಟಕಾದಾಗ ಮೊದಲು ಕತ್ತರಿಗೆ ಸಿಕ್ಕುವುದು ಯಾವುದು? ಕುಣಿತವನ್ನು ಕಡಿದರೆ ಪ್ರೇಕ್ಷಕ ಒಪ್ಪುವುದಿಲ್ಲ. ಪದ್ಯ ಬಿಟ್ಟರೆ ಕಥೆ ಸಾಗುವುದಿಲ್ಲ. ಪೀಠಿಕೆಯೂ ಸಂವಾದವೂ ಕುಗ್ಗುತ್ತವೆ.

ಮಾತನ್ನು ಬಿಟ್ಟು ನೋಡುವ ಪ್ರಯೋಗ ಹಿಂದೆಯೂ ನಡೆದಿತ್ತು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ತಮ್ಮ ನೃತ್ಯರೂಪಕಗಳಲ್ಲಿ ಮಾತನ್ನು ಕೈಬಿಟ್ಟು, ಕನ್ನಡ ಬಾರದವರಿಗೂ ಯಕ್ಷಗಾನವನ್ನು ಮುಟ್ಟಿಸಿದರು. ಅದು ಬಲ್ಲವರು ಉದ್ದೇಶವಿಟ್ಟು ಮಾಡಿದ ಆಯ್ಕೆ. ಮಾತು ಬಾರದೆ ಬಿಟ್ಟುಹೋಗುವುದು ಬೇರೆ.

ಇಂದು ಕರಾವಳಿಯ ಶಾಲೆಗಳಲ್ಲಿ ಮಕ್ಕಳು ಯಕ್ಷಗಾನ ಕಲಿಯುತ್ತಿದ್ದಾರೆ. ವೃತ್ತಿಮೇಳಗಳು ಬಹುಕಾಲ ದೂರವಿಟ್ಟ ಹೆಣ್ಣುಮಕ್ಕಳೂ ಗೆಜ್ಜೆ ಕಟ್ಟಿ ಲೀಲಾಜಾಲವಾಗಿ ಕುಣಿಯುತ್ತಿದ್ದಾರೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿಗೆ ಅರ್ಥವನ್ನು ಗುರುಗಳು ಬರೆದುಕೊಡುವುದುಂಟು. ಮಗು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಆರಂಭಕ್ಕೆ ಅದೂ ಬೇಕು. ಅಲ್ಲಿಗೇ ನಿಂತರೆ ಮಾತ್ರ ಯಕ್ಷಗಾನ ಬರೆದ ನಾಟಕವಾಗುತ್ತದೆ. ಕಿರಿಯರು ಹಿರಿಯರನ್ನು ಪ್ರಶ್ನಿಸಬಹುದಾಗಿದ್ದ ಆ ಒಂದು ಎಡೆ ಮುಚ್ಚಿಹೋಗುತ್ತದೆ.

ಪರಿಹಾರ ದೊಡ್ಡದೇನಲ್ಲ. ತಾಳ ಕಲಿಸುವ ತರಗತಿಯಲ್ಲಿ ವಾರಕ್ಕೊಮ್ಮೆ ಒಂದು ಪದ್ಯ ಕೊಟ್ಟು, ವಾಲಿಯ ಪರವಾಗಿ ನೀನಾದರೆ ಏನು ಕೇಳುವೆ ಎಂದು ಮಗುವನ್ನು ಮಾತಿಗೆಳೆಯಬೇಕು. ಮೊದಲ ಮಾತು ತೊದಲೀತು, ವ್ಯಾಕರಣ ತಪ್ಪೀತು, ನಡುವೆ ಇಂಗ್ಲಿಷ್ ಪದವೂ ಇಣುಕೀತು. ಎದುರು ಕುಳಿತ ನಾವು ಹಿರಿಯರು ಅದಕ್ಕೆ ನಗದೆ ಕೇಳಬೇಕು.