ನಾಮನಿರ್ಣಯವೂ ವಿದ್ಯಾಲಯದ ಜಾಲವೂ

ವಿದ್ಯಾಲಯದ ಅಂತರ್ಜಾಲದಲ್ಲಿ ಯಾವುದಾದರೊಂದು ತಾಣವು ತೆರೆಯದಿದ್ದರೆ, ಗಣಕದಲ್ಲಿ ಡಿ.ಎನ್.ಎಸ್. ವಿಳಾಸವನ್ನು ಬದಲಾಯಿಸಿದರೆ ಸಾಕೆಂಬ ಮಾತು ರೂಢಿಯಲ್ಲಿದೆ. ಇದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ವಿಚಾರಿಸುವೆವು.

ಜಾಲದಲ್ಲಿರುವ ಗಣಕಗಳಿಗೆ ಅಂಕೆಗಳಿಂದಾದ ವಿಳಾಸಗಳುಂಟು. ಮನುಷ್ಯರು ನೆನಪಿಡುವುದಾದರೋ ಹೆಸರನ್ನು. ಹೆಸರಿನಿಂದ ವಿಳಾಸವನ್ನು ತಿಳಿಸುವ ವ್ಯವಸ್ಥೆಯೇ ಡಿ.ಎನ್.ಎಸ್. ಪೂರ್ವದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾಸಂಸ್ಥೆಯು ಎಲ್ಲ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದಿತು. ಪಟ್ಟಿಯು ಬೆಳೆದು ನಿರ್ವಹಣೆಯು ದುಸ್ಸಾಧ್ಯವಾಗಲು, 1983ರಲ್ಲಿ ಪಾಲ್ ಮಾಕಪೆಟ್ರಿಸ್ ಎಂಬವರು ಆ ಅಧಿಕಾರವನ್ನು ಮೂಲ, ಶಾಖೆ, ಉಪಶಾಖೆಗಳೆಂದು ವೃಕ್ಷರೂಪದಲ್ಲಿ ಹಂಚುವ ಕ್ರಮವನ್ನು ನಿರೂಪಿಸಿದರು. ನಮ್ಮ ಪರವಾಗಿ ಈ ವೃಕ್ಷದಲ್ಲಿ ಹೆಸರನ್ನು ಹುಡುಕುವ ಗಣಕವನ್ನು ನಾಮನಿರ್ಣಾಯಕವೆನ್ನಬಹುದು. ವಿದ್ಯಾಲಯದ ಜಾಲವನ್ನು ಸೇರಿದೊಡನೆ ಅಲ್ಲಿಯ ನಿರ್ಣಾಯಕದ ವಿಳಾಸವು ನಮ್ಮ ಗಣಕಕ್ಕೆ ತಾನಾಗಿಯೇ ದೊರೆಯುವುದು. ಅದರ ಬದಲು ಗೂಗಲ್ ಸಂಸ್ಥೆಯು 2009ರಲ್ಲಿ ತೆರೆದ 8.8.8.8 ಎಂಬುದನ್ನಾಗಲಿ, ಕ್ಲೌಡ್‌ಫ್ಲೇರ್ ಸಂಸ್ಥೆಯು 2018ರಲ್ಲಿ ತೆರೆದ 1.1.1.1 ಎಂಬುದನ್ನಾಗಲಿ ನಾವೇ ನಮೂದಿಸಬಹುದು.

ಇದರಿಂದ ಫಲವೇನು? ನಿರ್ಬಂಧವು ಮುಖ್ಯವಾಗಿ ಮೂರು ವಿಧ. ನಿರ್ಣಾಯಕವೇ ಉತ್ತರವನ್ನು ತಡೆಯುವುದು ಮೊದಲನೆಯದು. ಹೊರಗಿನ ನಿರ್ಣಾಯಕಕ್ಕೆ 53ನೆಯ ಪೋರ್ಟಿನ ಮೂಲಕ ಹೋಗುವ ಪ್ರಶ್ನೆಯನ್ನು ತಡೆಯುವುದು ಅಥವಾ ತನ್ನ ಕಡೆಗೇ ತಿರುಗಿಸಿಕೊಳ್ಳುವುದು ಎರಡನೆಯದು. ತಾಣಕ್ಕೆ ಹೋಗುವ ಮಾರ್ಗವನ್ನೇ ಮುಚ್ಚುವುದು ಮೂರನೆಯದು. ಮೊದಲನೆಯದೊಂದೇ ಇರುವಲ್ಲಿ ಮಾತ್ರ ಈ ಬದಲಾವಣೆಯು ಸಾರ್ಥಕ. ಕೋಶವು ಪದದ ಅರ್ಥವನ್ನು ಹೇಳೀತು, ವಸ್ತುವನ್ನು ತಂದುಕೊಡದು.

ನಷ್ಟವೂ ಉಂಟು. ಗ್ರಂಥಾಲಯದ ಸೂಚಿಯೇ ಮೊದಲಾದ ಒಳತಾಣಗಳ ಹೆಸರು ಅನೇಕವೇಳೆ ವಿದ್ಯಾಲಯದ ನಿರ್ಣಾಯಕಕ್ಕೆ ಮಾತ್ರ ಗೊತ್ತಿರುವುದು. ಹೊರಗಿನದು ಅಂತಹ ಹೆಸರೇ ಇಲ್ಲವೆನ್ನುವುದು. ವಿದ್ಯಾಲಯವು ಚಂದಾ ತೆತ್ತ ಪತ್ರಿಕೆಗಳಾದರೋ ಸಾಮಾನ್ಯವಾಗಿ ವಿದ್ಯಾಲಯದ ಜಾಲವಿಳಾಸವನ್ನು ನೋಡಿ ಪ್ರವೇಶ ಕೊಡುವುವು; ನಿರ್ಣಾಯಕವನ್ನು ಬದಲಾಯಿಸಿದ ಮಾತ್ರಕ್ಕೆ ಆ ಹಕ್ಕು ಬರುವುದೂ ಇಲ್ಲ, ಹೋಗುವುದೂ ಇಲ್ಲ.

ನಾವು ಏನನ್ನು ಓದುವೆವೆಂಬುದು ಗೋಪ್ಯವಾಗಿರುವುದಲ್ಲವೇ ಎಂದು ಶಂಕಿಸಬಹುದು. ಸಾಮಾನ್ಯಪ್ರಶ್ನೆಯು ತೆರೆದ ಅಂಚೆಕಾರ್ಡಿನಂತೆ ದಾರಿಯಲ್ಲಿರುವವರಿಗೆಲ್ಲ ಕಾಣುವುದು. ಅದನ್ನು ಗೂಢಲಿಪಿಯಲ್ಲಿ ಕಳುಹಿಸುವ ವಿಧಾನಗಳು 2016ರಲ್ಲಿಯೂ 2018ರಲ್ಲಿಯೂ ನಿಯತವಾದುವು. ಅವುಗಳನ್ನು ಬಳಸಿದರೂ ಹೊರಗಿನ ನಿರ್ಣಾಯಕವು ಪ್ರಶ್ನೆಯನ್ನು ಬಲ್ಲುದು; ನಾವು ಮುಟ್ಟಿದ ವಿಳಾಸವು ವಿದ್ಯಾಲಯಕ್ಕೆ ಕಾಣುವುದು.

ಆದುದರಿಂದ ಮೊದಲು ಕಾರಣವನ್ನು ನಿಶ್ಚಯಿಸತಕ್ಕುದು. ಎನ್‌ಎಸ್‌ಲುಕಪ್ ಎಂಬ ಆಜ್ಞೆಯಿಂದ ಒಂದೇ ಹೆಸರನ್ನು ವಿದ್ಯಾಲಯದಲ್ಲಿಯೂ ಮನೆಯ ಜಾಲದಲ್ಲಿಯೂ ವಿಚಾರಿಸಬೇಕು. ಮನೆಯಲ್ಲಿ ವಿಳಾಸವು ದೊರೆತು ವಿದ್ಯಾಲಯದಲ್ಲಿ ಇಲ್ಲವೆಂದು ಬಂದರೆ ತಡೆಯು ನಾಮನಿರ್ಣಯದಲ್ಲಿದೆ. ಎರಡೆಡೆಯೂ ಸರಿಯಾದ ವಿಳಾಸವೇ ಬಂದರೆ ತಡೆಯನ್ನು ಬೇರೆಡೆ ಹುಡುಕತಕ್ಕುದು. ಆಮೇಲೆ ವಿದ್ಯಾಲಯದ ನಿಯಮವು ಅನುಮತಿಸಿದರೆ ಬದಲಾಯಿಸಬಹುದು. ಇಲ್ಲವಾದರೆ ತಾಣದ ಹೆಸರನ್ನೂ, ಬಂದ ಉತ್ತರವನ್ನೂ, ವ್ಯಾಸಂಗದ ಪ್ರಯೋಜನವನ್ನೂ ಬರೆದು ಜಾಲದ ಅಧಿಕಾರಿಗಳನ್ನು ಕೇಳುವುದು ಲೇಸು. ಹಾಗೆ ತೆರೆದ ತಾಣವು ಕೇಳಿದವನೊಬ್ಬನಿಗಲ್ಲದೆ ವಿದ್ಯಾಲಯದ ಓದುಗರೆಲ್ಲರಿಗೂ ದೊರೆಯುವುದು.