ಬರೋಡದ ಭಟ್ಟ ದಂಪತಿ: ಅಚ್ಚು, ಮಣ್ಣು, ನೆಗೆಟಿವು

ಜ್ಯೋತಿ ಭಟ್ ಎಂದರೆ ನಮ್ಮ ಕಡೆಯವರ ಕಣ್ಣಿಗೆ ಬರುವುದು ಒಬ್ಬ ಹೆಣ್ಣುಮಗಳು, ಅದೂ ಶಿರಸಿ-ಸಿದ್ದಾಪುರದ ಕಡೆಯವಳು. ಈ ಜ್ಯೋತಿ ಭಟ್ ಗಂಡಸು. 1934ರಲ್ಲಿ ಗುಜರಾತಿನ ಭಾವನಗರದಲ್ಲಿ ಹುಟ್ಟಿದವರು, ಪೂರ್ತಿ ಹೆಸರು ಜ್ಯೋತೀಂದ್ರ. ಹೆಂಡತಿ ಜ್ಯೋತ್ಸ್ನಾ, ಕಚ್ಛದ ಕಡಲದಂಡೆಯ ಮಾಂಡವಿಯವರು, ಹುಟ್ಟಿದ್ದು 1940ರಲ್ಲಿ. ಬರೋಡದ ಕಲಾವಲಯದಲ್ಲಿ ಜ್ಯೋತಿಭಾಯಿ, ಜ್ಯೋತ್ಸ್ನಾಬೆನ್ ಎಂದೇ ಎಲ್ಲರಿಗೂ ಪರಿಚಿತರು. ಆತ ಚಿತ್ರ ಬರೆದರು, ತಾಮ್ರದ ತಗಡು ಕೊರೆದು ಅಚ್ಚು ತೆಗೆದರು, ಕ್ಯಾಮೆರಾ ಹೆಗಲಿಗೇರಿಸಿ ಹಳ್ಳಿ ತಿರುಗಿದರು. ಆಕೆ ಶಿಲ್ಪಕಲೆ ಕಲಿತು ಮಣ್ಣಿನ ಕೆಲಸಕ್ಕೆ ನಿಂತರು, ತಿಗರಿ ಮತ್ತು ಆವಿಗೆಯನ್ನು ಮತ್ತೆ ಬಿಡಲಿಲ್ಲ. ಇಬ್ಬರ ಬದುಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸ್ವಾತಂತ್ರ್ಯಾನಂತರದ ಭಾರತೀಯ ಕಲೆಯ ಒಂದು ದೊಡ್ಡ ಭಾಗ ಕಣ್ಣಮುಂದೆ ಬರುತ್ತದೆ. ನಮ್ಮ ಪತ್ರಿಕೆಗಳಲ್ಲಿ ಇವರ ಸುದ್ದಿ ಬಂದದ್ದು ಕಡಿಮೆ. ಬಂದಾಗಲೂ ಹೆಚ್ಚಾಗಿ ಆತನದೇ.

ಜ್ಯೋತಿಯವರ ತಂದೆ ಭಾವನಗರದಲ್ಲಿ ‘ಶಿಶುವಿಹಾರ’ ಎಂಬ ಮಕ್ಕಳ ಸಂಸ್ಥೆ ಕಟ್ಟಿದವರು. ಆಟ, ಕೈಕೆಲಸ, ಸೇವೆ ಇವೆಲ್ಲ ಒಂದೇ ಅಂಗಳದಲ್ಲಿ ನಡೆಯುತ್ತಿದ್ದ ಗಾಂಧಿಯುಗದ ವಾತಾವರಣ. ಅಲ್ಲಿಂದ ಹುಡುಗ 1950ರಲ್ಲಿ ಬರೋಡಕ್ಕೆ ಬಂದ. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಫೈನ್ ಆರ್ಟ್ಸ್ ಫ್ಯಾಕಲ್ಟಿ ಆಗಷ್ಟೇ ಬಾಗಿಲು ತೆರೆದಿತ್ತು. ಹಂಸಾ ಮೆಹತಾ ಕುಲಪತಿ. ಎನ್.ಎಸ್. ಬೇಂದ್ರೆ ವರ್ಣಚಿತ್ರ ಕಲಿಸುತ್ತಿದ್ದರು. (ಇವರು ಇಂದೋರಿನ ನಾರಾಯಣ ಶ್ರೀಧರ ಬೇಂದ್ರೆ, ನಮ್ಮ ಧಾರವಾಡದ ಬೇಂದ್ರೆಯಲ್ಲ.) ಶಿಲ್ಪಕ್ಕೆ ಶಂಖೋ ಚೌಧುರಿ. ಸ್ವಲ್ಪದರಲ್ಲೇ ಶಾಂತಿನಿಕೇತನದಲ್ಲಿ ಕಲಿತ ಕೆ.ಜಿ. ಸುಬ್ರಮಣ್ಯನ್ ಬಂದು ಸೇರಿದರು. ಬೊಂಬೆ ಮಾಡುವವನಿಂದಲೂ ನೇಕಾರನಿಂದಲೂ ಕಲಾವಿದ ಕಲಿಯಬೇಕಾದದ್ದು ಇದೆ ಎಂದು ಸುಬ್ರಮಣ್ಯನ್ ನಂಬಿದ್ದರು. ಆ ನಂಬಿಕೆಯ ಫಲವೇ 1961ರಲ್ಲಿ ಶುರುವಾದ ಫೈನ್ ಆರ್ಟ್ಸ್ ಫೇರ್. ಮೇಷ್ಟರೂ ಹುಡುಗರೂ ಕೂತು ಬೊಂಬೆ, ಗಾಳಿಪಟ, ಮಣ್ಣಿನ ಆಟಿಕೆ ಮಾಡಿ ಊರಿನವರಿಗೆ ಮಾರುವ ಜಾತ್ರೆ ಅದು. ಜ್ಯೋತಿ ಭಟ್ಟರ ಕ್ಯಾಮೆರಾ ಆ ಜಾತ್ರೆಯ ಸುತ್ತ ವರ್ಷವರ್ಷವೂ ಸುಳಿದಾಡಿದೆ.

ಅವರಿಗೆ ಮೊದಲು ಹೆಸರು ತಂದದ್ದು ಮಾತ್ರ ಕ್ಯಾಮೆರಾ ಅಲ್ಲ, ಅಚ್ಚುಕಲೆ. ಎಚ್ಚಿಂಗ್ ಎನ್ನುವ ಈ ಕೆಲಸ ಮೈಮುರಿಸುವಂಥದು. ಲೋಹದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀರಿ ಗೆರೆ ಬಿಡಿಸಿ, ಆಮ್ಲದಲ್ಲಿ ಮುಳುಗಿಸಬೇಕು. ಲೇಪ ಕಿತ್ತ ಜಾಗವನ್ನಷ್ಟೇ ಆಮ್ಲ ತಿನ್ನುತ್ತದೆ. ಆ ತಗ್ಗಿಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಹಾಸಿ ಪ್ರೆಸ್ಸಿನಡಿ ಹಾಯಿಸಿದರೆ ಒಂದು ಪ್ರತಿ. ಮತ್ತೊಂದು ಪ್ರತಿಗೆ ಮತ್ತೆ ಮಸಿ, ಮತ್ತೆ ಒರೆಸುವುದು. ಭಟ್ 1961-62ರಲ್ಲಿ ಇಟಲಿಯ ನೇಪಲ್ಸ್‌ನ ಕಲಾಶಾಲೆಯಲ್ಲಿದ್ದರು. 1964ರಿಂದ 66ರವರೆಗೆ ನ್ಯೂಯಾರ್ಕಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ ಈ ವಿದ್ಯೆಯಲ್ಲಿ ಕೈ ಪಳಗಿಸಿಕೊಂಡರು. ವಾಪಸ್ ಬಂದು ಬರೋಡವನ್ನು ಗ್ರಾಫಿಕ್ ಕಲೆಯ ಮುಖ್ಯ ಕೇಂದ್ರ ಮಾಡಿದವರಲ್ಲಿ ಅವರೂ ಒಬ್ಬರು. ಅವರ ಅಚ್ಚುಗಳಲ್ಲಿ ನವಿಲು, ಗಿಳಿ, ಕಮಲ, ಗುಜರಾತಿ ಅಕ್ಷರಗಳು, ಕಳೆದುಹೋದ ಪಂಡಿತ, ಕಲ್ಪವೃಕ್ಷ ಎಲ್ಲ ಒಂದರ ಮೇಲೊಂದು ಮುಗಿಬೀಳುತ್ತವೆ. ಕೆಲವು ನನಗೆ ಅತಿಯಾಗಿ ತುಂಬಿದಂತೆ ಕಾಣುತ್ತವೆ. ಆದರೆ ಗೆರೆಯ ತುಂಟತನ ಎಲ್ಲಿಯೂ ಕುಂದುವುದಿಲ್ಲ.

ಈ ನಡುವೆ ‘ಗ್ರೂಪ್ 1890’ ಬಂತು. 1962ರಲ್ಲಿ ಭಾವನಗರದ ಒಂದು ಮನೆಯಲ್ಲಿ ಸೇರಿದ ಕಲಾವಿದರು ಆ ಮನೆಯ ನಂಬರನ್ನೇ ಗುಂಪಿನ ಹೆಸರಾಗಿಸಿಕೊಂಡರು. ಜೆ. ಸ್ವಾಮಿನಾಥನ್ ಮುಂದಾಳು. 1963ರಲ್ಲಿ ದೆಹಲಿಯಲ್ಲಿ ನಡೆದ ಅವರ ಪ್ರದರ್ಶನವನ್ನು ನೆಹರೂ ಉದ್ಘಾಟಿಸಿದರು. ಕೆಟಲಾಗಿಗೆ ಬರೆದುಕೊಟ್ಟವರು ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೋ ಪಾಜ್. ಅದೊಂದೇ ಪ್ರದರ್ಶನ, ಗುಂಪು ಅಲ್ಲಿಗೆ ಚದುರಿತು. ಜ್ಯೋತಿ ಭಟ್ಟರೂ ಸೇರಿ ಹನ್ನೆರಡು ಮಂದಿ, ಹನ್ನೆರಡೂ ಗಂಡಸರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1967ರಲ್ಲಿ ದಾರಿ ತಿರುಗಿತು. ಗುಜರಾತಿನ ಜಾನಪದ ಕಲೆಯ ಬಗ್ಗೆ ಭಾರತೀಯ ವಿದ್ಯಾಭವನ ಒಂದು ವಿಚಾರಸಂಕಿರಣ ಇಟ್ಟುಕೊಂಡಿತ್ತು. ಅದಕ್ಕಾಗಿ ಹಳ್ಳಿಗಳಿಗೆ ಹೋಗಿ ಫೋಟೋ ತೆಗೆದುಕೊಂಡು ಬರುವ ಕೆಲಸ ಜ್ಯೋತಿ ಭಟ್ಟರಿಗೆ ಬಂತು. ಹೋದವರು ಬೆಚ್ಚಿದರು. ಚಿಕ್ಕಂದಿನಲ್ಲಿ ಕಂಡಿದ್ದ ಗೋಡೆಚಿತ್ರ, ನೆಲದ ರಂಗವಲ್ಲಿ, ಹಚ್ಚೆ ಎಲ್ಲ ಕಣ್ಣೆದುರೇ ಕರಗುತ್ತಿದ್ದವು. ಮಣ್ಣಿನ ಗೋಡೆಯ ಜಾಗಕ್ಕೆ ಸಿಮೆಂಟು, ಕೆಮ್ಮಣ್ಣಿನ ಜಾಗಕ್ಕೆ ಡಬ್ಬದ ಆಯಿಲ್ ಪೇಂಟು, ದೇವರ ಚಿತ್ರದ ಜಾಗಕ್ಕೆ ಕ್ಯಾಲೆಂಡರು ಬರತೊಡಗಿದ್ದವು. ಒಂದು ವಿಚಾರಸಂಕಿರಣಕ್ಕೆಂದು ಒಪ್ಪಿಕೊಂಡ ಕೆಲಸ ದಶಕಗಳ ತಿರುಗಾಟವಾಯಿತು. ಅನೇಕ ಸಲ ಜೊತೆಗಿದ್ದವರು ಶಿಲ್ಪಿ, ಛಾಯಾಗ್ರಾಹಕ ರಾಘವ್ ಕನೇರಿಯಾ. ಸೌರಾಷ್ಟ್ರ, ಕಚ್ಛದಿಂದ ಹೊರಟ ತಿರುಗಾಟ ರಾಜಸ್ಥಾನ ದಾಟಿ ಇತರ ರಾಜ್ಯಗಳಿಗೂ ಚಾಚಿತು.

ಏನೇನು ಕಂಡರು? ಛೋಟಾ ಉದೇಪುರದ ಕಡೆ ರಾಠವಾ ಆದಿವಾಸಿಗಳ ಮನೆಯಲ್ಲಿ ಪಿಥೋರಾ ಬರೆಸುತ್ತಾರೆ. ಕಾಯಿಲೆ ವಾಸಿಯಾದರೆ, ಬೆಳೆ ಬಂದರೆ ಎಂದು ಹೊತ್ತ ಹರಕೆ ತೀರಿಸುವ ಬಗೆ ಅದು. ಮದುವೆಯಾಗದ ಹುಡುಗಿಯರು ಗೋಡೆಗೆ ಮಣ್ಣು-ಸಗಣಿ ಬಳಿದು ಹದ ಮಾಡಿಕೊಡುತ್ತಾರೆ. ಆಮೇಲೆ ಲಖಾರಾ ಎನ್ನುವ ಬರೆಯುವವರು ಬಂದು ಸಾಲು ಸಾಲು ಕುದುರೆಗಳನ್ನು ಇಳಿಸುತ್ತಾರೆ. ರಾಜಸ್ಥಾನದ ಸವಾಯಿ ಮಾಧೋಪುರದ ಕಡೆ ಮೀಣಾ ಹೆಂಗಸರು ಕೆಂಪು ನೆಲದ ಮೇಲೆ, ಗೋಡೆಯ ಮೇಲೆ ಬಿಳಿಯಲ್ಲಿ ಮಾಂಡನಾ ಬರೆಯುತ್ತಾರೆ. ಗೋಡೆಯಗಲದ ನವಿಲು, ಅದರ ಹೊಟ್ಟೆಯಲ್ಲಿ ಮರಿ ನವಿಲು. ಹಬ್ಬ ಬಂದರೆ ಹಳೆಯದರ ಮೇಲೆ ಬಳಿದು ಹೊಸದು. ಇನ್ನು ಸೌರಾಷ್ಟ್ರದ ಮೇರ್, ರಬಾರಿ ಹೆಂಗಸರ ಹಚ್ಚೆ: ಕತ್ತು, ಕೈ, ಕಾಲು ತುಂಬ ಚುಕ್ಕೆ, ಚೇಳು, ಗಿಡ, ಗುಡಿ. ಈ ಚಿತ್ರಕ್ಕೆ ಗೋಡೆಯೂ ಬೇಡ, ಬರೆಸಿಕೊಂಡವರ ಜೊತೆಗೇ ಚಿತೆಗೆ ಹೋಗುತ್ತದೆ.

ಇದನ್ನೆಲ್ಲ ಫೋಟೋ ತೆಗೆದವರು ಬೇರೆಯವರೂ ಇದ್ದಾರೆ. ಸರ್ಕಾರಿ ವರದಿಗಳಲ್ಲಿ, ಪ್ರವಾಸೋದ್ಯಮದ ಕ್ಯಾಲೆಂಡರಿನಲ್ಲಿ ಬರುವ ಚಿತ್ರಗಳು ನಿಮಗೂ ಗೊತ್ತು: ನವಿಲಷ್ಟನ್ನೇ ಚೌಕಟ್ಟಿಗೆ ಕತ್ತರಿಸಿ ಇಟ್ಟದ್ದು, ಇಲ್ಲವೇ ಬಣ್ಣದ ಲಂಗದ ಹುಡುಗಿಯನ್ನು ನಗಿಸಿ ನಿಲ್ಲಿಸಿದ್ದು. ಜ್ಯೋತಿ ಭಟ್ಟರು ಎರಡೂ ಮಾಡಲಿಲ್ಲ. ಅವರ ಕಪ್ಪು-ಬಿಳುಪು ಚಿತ್ರದಲ್ಲಿ ಗೋಡೆಯ ನವಿಲಿದೆ, ಅದರ ಮುಂದೆ ಅದನ್ನು ಬರೆದ ಮನೆಯ ಹೆಂಗಸಿದ್ದಾಳೆ. ಪಕ್ಕದಲ್ಲಿ ಕಟ್ಟಿಹಾಕಿದ ಆಡು, ಒರಗಿಸಿಟ್ಟ ಚಾರ್ಪಾಯಿ, ಹೊಸ್ತಿಲಲ್ಲಿ ಸಿಂಬಳ ಸುರಿಸುವ ಮಗುವೂ ಇವೆ. ಆ ಚಿತ್ರಕ್ಕೊಬ್ಬ ಒಡತಿಯಿದ್ದಳು, ಒಂದು ಮನೆಯಿತ್ತು ಎನ್ನುವುದು ನೋಡುವವನಿಗೆ ಮರೆಯದಂತೆ. ಅಚ್ಚುಕಲೆಯಲ್ಲಿ ಪಳಗಿದ ಕಣ್ಣಾದ್ದರಿಂದ ಚೌಕಟ್ಟಿನೊಳಗೆ ಎಲ್ಲವನ್ನೂ ಹೊಂದಿಸುವುದು ಅವರಿಗೆ ಗೊತ್ತಿತ್ತು. ತೀರಾ ಗೊತ್ತಿತ್ತು ಎಂದೂ ಹೇಳಬಹುದು, ಕೆಲವು ಚಿತ್ರಗಳ ಅಚ್ಚುಕಟ್ಟು ಸಂಶಯ ಹುಟ್ಟಿಸುವಷ್ಟಿದೆ. ಮೊದಮೊದಲು ಇವು ದಾಖಲೆಯಷ್ಟೇ ಎಂಬ ಭಾವನೆ ಇತ್ತು. ಆದರೆ 1969ರಷ್ಟು ಹೊತ್ತಿಗೇ ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ, ಕ್ಯಾಮೆರಾ ಹಿಡಿದ ವರ್ಣಚಿತ್ರಕಾರರದೇ ಒಂದು ಪ್ರದರ್ಶನದಲ್ಲಿ ಅವರ ಫೋಟೋಗಳೂ ಗೋಡೆಗೇರಿದ್ದವು.

ಈಗ ಜ್ಯೋತ್ಸ್ನಾಬೆನ್. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಸ್ವಲ್ಪ ಕಾಲ ಕಲಿತು, ಬರೋಡಕ್ಕೆ ಬಂದು ಶಂಖೋ ಚೌಧುರಿಯವರ ಕೈಕೆಳಗೆ ಶಿಲ್ಪ ಕಲಿತರು. ಅಲ್ಲಿ ಮಣ್ಣು ಕೈಗೆ ಹತ್ತಿತು. ಅರವತ್ತರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ ಕಲಾಶಾಲೆಯಲ್ಲಿ ಜೋಲಿಯನ್ ಹಾಫ್‌ಸ್ಟೆಡ್ ಅವರ ಬಳಿ ಸೆರಾಮಿಕ್ ಕಲಿತರು. 1972ರಲ್ಲಿ ಬರೋಡದ ಫ್ಯಾಕಲ್ಟಿಯಲ್ಲೇ ಸೆರಾಮಿಕ್ ಕಲಿಸಲು ಸೇರಿ, ಮೂವತ್ತು ವರ್ಷ, 2002ರವರೆಗೆ ಪಾಠ ಹೇಳಿದರು.

ಅವರ ಕೃತಿಗಳು ಹೆಚ್ಚಿನವು ಎರಡು ಕೈಯಲ್ಲಿ ಎತ್ತಿಕೊಳ್ಳುವಷ್ಟೇ ದೊಡ್ಡವು. ಬೆಕ್ಕು, ಗೂಬೆ, ಹಕ್ಕಿ, ಆಮೆ, ಕಮಲದ ಮೊಗ್ಗು, ತಟ್ಟೆ, ಹೂಜಿ. ಬೆಕ್ಕಿಗೆ ಮೀಸೆಯಿಲ್ಲ, ಕೂದಲಿಲ್ಲ. ಸುರುಟಿಕೊಂಡ ಬೆನ್ನಿನ ಒಂದು ಬಾಗು, ಕಿವಿಯ ಎರಡು ಚಿಗುರು, ಅಷ್ಟೇ. ಆದರೂ ಅದು ಇನ್ನೇನು ಕಣ್ಣುಬಿಟ್ಟು ನಿಮ್ಮನ್ನು ಕಡೆಗಣಿಸಲಿರುವ ಬೆಕ್ಕೇ ಹೊರತು ಬೇರೆ ಪ್ರಾಣಿಯಲ್ಲ. ಇಷ್ಟು ಕಡಿಮೆ ಹೇಳಿ ಇಷ್ಟು ತಿಳಿಸಲು ಶಿಲ್ಪದ ತಾಲೀಮು ಬೇಕು. ಸುಡುಮಣ್ಣಿನ ಕೆಲಸಕ್ಕೆ ಆವಿಗೆಯಲ್ಲಿ ಸಾವಿರ ಡಿಗ್ರಿ ಆಸುಪಾಸಿನ ಕಾವು ಸಾಕು. ಅವರು ಬಹಳ ಮೆಚ್ಚಿದ ಸ್ಟೋನ್‌ವೇರ್‌ಗೆ 1200 ಡಿಗ್ರಿಯ ಮೇಲೆ ಬೇಕು. ಆ ಉರಿಯಲ್ಲಿ ಮಣ್ಣು ಕಲ್ಲಿನಷ್ಟು ಬಿಗಿಯಾಗುತ್ತದೆ, ಗ್ಲೇಜು ಎನ್ನುವ ಗಾಜಿನಂಥ ಲೇಪ ಕರಗಿ ಮೈಗೆ ಅಂಟುತ್ತದೆ. ಹೊಳಪಿಲ್ಲದ ನೀಲಿ, ಪಾಚಿಹಸಿರು, ಒಣಹುಲ್ಲಿನ ಬಣ್ಣಗಳು ಅವರ ಗುರುತು. ಆವಿಗೆಯ ಬಾಗಿಲು ತೆರೆಯುವವರೆಗೆ ಬಣ್ಣ ಏನಾಯಿತೆಂದು ಮಾಡಿದವರಿಗೂ ಖಾತ್ರಿಯಿಲ್ಲ, ಬಿರುಕು ಬಿಟ್ಟಿದ್ದರೆ ವಾರಗಳ ಕೆಲಸ ಕಸದ ಬುಟ್ಟಿಗೆ.

ಇಷ್ಟಾದರೂ ನಮ್ಮ ಕಲಾವಲಯ ಬಹುಕಾಲ ಸೆರಾಮಿಕ್ಕನ್ನು ‘ಕರಕುಶಲ’ದ ಕಪಾಟಿನಲ್ಲೇ ಇಟ್ಟಿತ್ತು. ಕ್ಯಾನ್ವಾಸಿಗೆ ಕೊಟ್ಟ ಮರ್ಯಾದೆ ಬಟ್ಟಲಿಗಿಲ್ಲ, ಕಂಚಿನ ಶಿಲ್ಪಕ್ಕೆ ಕೊಟ್ಟ ಬೆಲೆ ಮಣ್ಣಿನ ಬೆಕ್ಕಿಗಿಲ್ಲ. ಮಣ್ಣಿನ ಕಲೆಗೆಂದೇ ದೇಶದಲ್ಲಿ ಮೊದಲ ತ್ರೈವಾರ್ಷಿಕ ಪ್ರದರ್ಶನ ಜೈಪುರದಲ್ಲಿ ನಡೆದದ್ದು 2018ರಲ್ಲಿ. ಮರುವರ್ಷ ಜ್ಯೋತಿ ಭಟ್ಟರಿಗೆ ಪದ್ಮಶ್ರೀ ಬಂತು. ಜ್ಯೋತ್ಸ್ನಾ 2020ರ ಜುಲೈ 11ರಂದು ತೀರಿಕೊಂಡರು. ಗಂಡ ಊರೂರು ತಿರುಗಿ ಹುಡುಕಿದ್ದು ಸಹಿ ಹಾಕದ ಹೆಂಗಸರ ಕಲೆಯನ್ನು, ಅದೂ ಕಲೆಯೇ ಎಂದು ಜಗತ್ತಿಗೆ ಸಾಬೀತು ಮಾಡಲು. ಅದೇ ವರ್ಷಗಳಲ್ಲಿ ಅವರ ಮನೆಯಲ್ಲೇ ಒಬ್ಬ ಹೆಣ್ಣುಮಗಳು ಮಾಡುತ್ತಿದ್ದ ಮಣ್ಣಿನ ಕೆಲಸಕ್ಕೆ ಕಲೆಯ ಪಟ್ಟ ಕೊಡಲು ಅದೇ ಜಗತ್ತು ಮೀನಮೇಷ ಎಣಿಸಿತು. ತಪ್ಪು ಗಂಡನದಲ್ಲ. ಹನ್ನೆರಡು ಗಂಡಸರ ಗುಂಪಿನ ಬಗ್ಗೆ ಪುಸ್ತಕ ಬರೆಯುವ ನಾವು, ಬರೆಯುವವರು, ಈ ಲೆಕ್ಕ ಸರಿಮಾಡಬೇಕು.

ಜ್ಯೋತಿ ಭಟ್ಟರ ಇನ್ನೊಂದು ದೊಡ್ಡ ಗುಣ ಜೋಪಾನ. ತಮ್ಮ ಫಿಲ್ಮನ್ನು ತಾವೇ ತೊಳೆದು, ನೆಗೆಟಿವು, ಕಾಂಟ್ಯಾಕ್ಟ್ ಶೀಟುಗಳನ್ನು ಕಾಪಾಡಿಕೊಂಡು ಬಂದರು. ಹಳ್ಳಿಯ ಚಿತ್ರಗಳಷ್ಟೇ ಅಲ್ಲ, ತಮ್ಮ ಮೇಷ್ಟರು, ಗೆಳೆಯರು, ವಿದ್ಯಾರ್ಥಿಗಳು ಕೆಲಸ ಮಾಡುತ್ತಿರುವುದು, ಹರಟುತ್ತಿರುವುದು, ನವರಾತ್ರಿಯ ಗರ್ಬಾ, ಜಾತ್ರೆಯ ಗಲಾಟೆ ಎಲ್ಲ ಆ ಸಂಗ್ರಹದಲ್ಲಿದೆ. ಬರೋಡ ಶಾಲೆಯ ನೆನಪು ಎಂದು ಇಂದು ಪುಸ್ತಕಗಳಲ್ಲಿ ಕಾಣುವುದರಲ್ಲಿ ಬಹಳಷ್ಟು ಅವರ ಕಣ್ಣಿನದು. ಅದನ್ನವರು ಬೀರುವಿಗೆ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್ ಸಂಸ್ಥೆ ಬರೋಡದ ನಾಲ್ವರ ಸಂಗ್ರಹವನ್ನು ಡಿಜಿಟಲ್ ಮಾಡಿದೆ: ಜ್ಯೋತಿ ಭಟ್, ಕೆ.ಜಿ. ಸುಬ್ರಮಣ್ಯನ್, ಗುಲಾಂ ಮೊಹಮ್ಮದ್ ಶೇಖ್, ರತನ್ ಪರಿಮೂ. ಮನೆಯಲ್ಲಿ ಕೂತೇ ನೋಡಬಹುದು.

ನಮಗೆ ಇನ್ನೂ ಹತ್ತಿರದ ಸಂಗತಿಯಿದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಉಕ್ಕಿನ ನೀರಿನ ಟ್ಯಾಂಕಿನ ಹಾಗೆ ಕಾಣುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2023ರ ಫೆಬ್ರುವರಿಯಲ್ಲಿ ತೆರೆಯಿತಲ್ಲ, ಅದರ ಆರಂಭದ ಪ್ರದರ್ಶನಗಳಲ್ಲಿ ಒಂದು ಜ್ಯೋತಿ ಭಟ್ಟರ ಫೋಟೋಗಳದು. ಅವರ ಛಾಯಾಚಿತ್ರಗಳ ಸಂಗ್ರಹ ಈಗ ಆ ಮ್ಯೂಸಿಯಮ್ಮಿನಲ್ಲಿದೆ. ಸೌರಾಷ್ಟ್ರದ ಅಜ್ಜಿಯರ ಹಚ್ಚೆಗೆ ಕಬ್ಬನ್ ಪಾರ್ಕಿನ ಪಕ್ಕ ಜಾಗ ಸಿಕ್ಕಿದೆ. ಬರೋಡಕ್ಕೂ ನಮಗೂ ನಂಟು ಹಳೆಯದು. ಬೆಂಗಳೂರಿನ ಪುಷ್ಪಮಾಲಾ ಶಿಲ್ಪ ಕಲಿತದ್ದು, ಮೈಸೂರಿನ ಎನ್.ಎಸ್. ಹರ್ಷ ಸ್ನಾತಕೋತ್ತರ ಪದವಿ ಮಾಡಿದ್ದು ಅದೇ ಫ್ಯಾಕಲ್ಟಿಯಲ್ಲಿ.

ಇಂಥ ಗೋಡೆಚಿತ್ರ ನಮ್ಮಲ್ಲೂ ಇದೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಈಗ ಅದು ಚೌಕಟ್ಟು ಹಾಕಿಸಿಕೊಂಡು ಮೇಳಗಳಲ್ಲಿ ಮಾರಾಟಕ್ಕೂ ಬಂದಿದೆ. ಸಂತೋಷ. ಆದರೆ ಮೊದಲು ಅದು ಇದ್ದ ಗೋಡೆ, ಆ ಗೋಡೆಯ ಮನೆ, ಬರೆದ ಹೆಂಗಸಿನ ಮುಖ ಎಷ್ಟು ಕಡೆ ದಾಖಲಾಗಿದೆ? ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಂಗಳದ ರಂಗೋಲಿಯನ್ನಷ್ಟೇ ತೆಗೆಯಬೇಡಿ, ಇಟ್ಟವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವರ ಹೆಸರು, ಊರು, ವರ್ಷ ಬರೆದಿಡಿ. ಹಾಗೆಯೇ ಕಸ್ತೂರ್ಬಾ ರಸ್ತೆಯವರಲ್ಲಿ ಒಂದು ಕೋರಿಕೆ: ಗಂಡನ ಫೋಟೋಗಳ ಎದುರಿಗೆ ಹೆಂಡತಿಯ ಬೆಕ್ಕು, ಗೂಬೆ, ಕಮಲಗಳನ್ನೂ ಇಟ್ಟು ಇಬ್ಬರದೂ ಒಂದು ಜಂಟಿ ಪ್ರದರ್ಶನ ಮಾಡಿ.