ಸ್ವಲೀನ ಮಗುವಿನ ಪ್ರೀತಿಯೂ ಒಂದು ಪ್ರಸಾದ

ಆಟಿಸಂಗೆ ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದ ಬಳಕೆಯಲ್ಲಿದೆ. ಭಕ್ತ ದೇವರಲ್ಲಿ ಲೀನನಾದರೆ ನಾವು ಕೈಮುಗಿಯುತ್ತೇವೆ. ಮಗು ತನ್ನಲ್ಲೇ ಲೀನವಾದರೆ ಅದಕ್ಕೆ ಯಾರ ಮೇಲೂ ಮಮತೆಯಿಲ್ಲ ಎಂದುಬಿಡುತ್ತೇವೆ. ಅದು ನಿಜವಲ್ಲವೆಂದು ಅಂಥ ಮಕ್ಕಳನ್ನು ಸಾಕಿದವರಿಗೆ ಗೊತ್ತು.

ಡೊಂಬಿವಲಿಯ ಕನ್ನಡಿಗ ತಾಯಿಯೊಬ್ಬರ ಮಗನಿಗೆ ಈಗ 17 ವರ್ಷ. 'ಅಮ್ಮಾ' ಎಂದು ಕರೆದವನಲ್ಲ, ಅಪ್ಪಿಕೊಂಡರೆ ಕೊಸರಿಕೊಳ್ಳುತ್ತಾನೆ. ಅವನ ಬಳಿ ಒಂದು ಸ್ಟೀಲ್ ಚಮಚವಿದೆ, ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ತಾಯಿ ಜ್ವರದಿಂದ ಮಲಗಿದ್ದ ದಿನ ಆ ಚಮಚವನ್ನು ಅವರ ದಿಂಬಿನ ಪಕ್ಕದಲ್ಲಿಟ್ಟು ಹೋದ. "ನಾನು ಮಾತಿಗಾಗಿ ಕಾಯ್ತಾ ಇದ್ದೆ, ಅವನು ಚಮಚ ಕೊಟ್ಟ" ಎಂದು ಆಕೆ ನಗುತ್ತಾರೆ.

ಫಲಾಪೇಕ್ಷೆ ಬೇಡವೆಂದು ಗೀತಾ ಪ್ರವಚನಗಳಲ್ಲಿ ಕೇಳಿ, ಸಭಾಗೃಹದ ಮೆಟ್ಟಿಲಿಳಿಯುವಷ್ಟರಲ್ಲಿ ಮರೆಯುವವರು ನಾವು. ಇಂಥ ಮನೆಗಳಲ್ಲಿ ಆ ಪಾಠ ಬೆಳಿಗ್ಗೆ ಹಲ್ಲುಜ್ಜಿಸುವಾಗಲೇ ಶುರುವಾಗುತ್ತದೆ. ದೇವರು ಮರುಮಾತಾಡದಿದ್ದರೂ ನಿತ್ಯ ದೀಪ ಹಚ್ಚುವ ಭಕ್ತಿ ಇದಕ್ಕೆ ಹತ್ತಿರದ್ದು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಮಗು ಮೂರ್ತಿಯಲ್ಲ, ಅದಕ್ಕೆ ಹಸಿವು, ಹೆದರಿಕೆ, ಹಟ ಎಲ್ಲವೂ ಇದೆ. 'ದೇವರ ಮಗು' ಎಂದು ಹೊಗಳಿ ದೂರ ಸರಿಯುವವರಿಂದ ರಾತ್ರಿಯಿಡೀ ನಿದ್ದೆಗೆಟ್ಟ ತಾಯಿಗೆ ಏನು ಉಪಕಾರ?

ಇನ್ನು ಕೆಲವರು 'ಪೂರ್ವಜನ್ಮದ ಕರ್ಮ' ಎನ್ನುತ್ತಾರೆ. ತಾಯಿಯನ್ನು ದೂಷಿಸುವ ಚಟ ನಮ್ಮದಷ್ಟೇ ಅಲ್ಲ. ಲಿಯೋ ಕ್ಯಾನರ್ 1943ರಲ್ಲಿ ಅಮೆರಿಕದಲ್ಲಿ 11 ಮಕ್ಕಳ ಬಗ್ಗೆ ಬರೆದು ಆಟಿಸಂ ಅನ್ನು ಲೋಕದ ಗಮನಕ್ಕೆ ತಂದ ಮೇಲೆ, ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆಂದು ಅಲ್ಲಿನ ಪಂಡಿತರೂ ವರ್ಷಗಟ್ಟಲೆ ಹೇಳಿದರು. ಸ್ವತಃ ಇಂಥ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಪುಸ್ತಕ ಬರೆದು ಇದನ್ನು ಖಂಡಿಸಿದರು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅನುವಂಶೀಯತೆಯ ಪಾತ್ರ ದೊಡ್ಡದು ಎಂಬುದು ಇಂದು ಸ್ಪಷ್ಟ. ಸಾಕಿದ ರೀತಿಯಿಂದ ಬರುವಂಥದ್ದಲ್ಲ.

ಹೆತ್ತವರ ನಿಜವಾದ ಚಿಂತೆ ಬೇರೆಯೇ: ನಮ್ಮ ನಂತರ ಯಾರು? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ 18 ತುಂಬಿದವರಿಗೆ ಕಾನೂನುಬದ್ಧ ಪಾಲಕರನ್ನು ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ನೇಮಿಸಿಕೊಳ್ಳಬಹುದು. 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂ. ವರೆಗಿನ ಆರೋಗ್ಯ ವಿಮೆಯೂ ಇದೆ. ಇಂಥ ಮಾಹಿತಿಯನ್ನು ನಮ್ಮ ಸಂಘಗಳು ತಮ್ಮ ಸದಸ್ಯರಿಗೆ ತಲುಪಿಸಬಹುದಲ್ಲವೇ?

ಶನಿಪೂಜೆಗೋ ಯಕ್ಷಗಾನಕ್ಕೋ ಇಂಥ ಮಗುವನ್ನು ಕರೆತಂದ ತಾಯಿ, ಚೆಂಡೆಯ ಸದ್ದಿಗೆ ಅದು ಕಿವಿ ಮುಚ್ಚಿ ಕಿರುಚಿದಾಗ ನಾಲ್ಕು ಜನ ತಿರುಗಿ ನೋಡಿದರೆಂದು ಎದ್ದು ಹೋಗುತ್ತಾಳೆ. ಮರುವರ್ಷ ಆ ಕುಟುಂಬ ಬರುವುದಿಲ್ಲ, ಯಾಕೆಂದು ವಿಚಾರಿಸುವವರೂ ಇಲ್ಲ. ಬಾಗಿಲ ಬಳಿ ಎರಡು ಕುರ್ಚಿ, ಧ್ವನಿವರ್ಧಕದಿಂದ ದೂರದಲ್ಲೊಂದು ಕೋಣೆ, ಅನ್ನಸಂತರ್ಪಣೆಯಲ್ಲಿ ಅವರಿಗೆ ಮೊದಲ ಪಂಕ್ತಿ. ಇದಕ್ಕೆ ಮಹಾಸಭೆಯ ಮಂಜೂರಾತಿ ಬೇಕಿಲ್ಲ. ಆಮಂತ್ರಣ ಪತ್ರ ಕೊಡಲು ಹೋದವರು ಅಲ್ಲೇ ಕುಳಿತು ಮಗುವಿಗೆ ಏನು ಅನುಕೂಲ ಬೇಕೆಂದು ಕೇಳಿದರೂ ಆದೀತು.